ಖಮೀರು ಮತ್ತು ಕಂಪವಾತ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ. ಈ ಬಾಟಲಿಯಲ್ಲಿರುವುದು ಉಗುರುಬೆಚ್ಚಗಿನ ನೀರು. ಅದರಲ್ಲಿ ಕರಗಿಸಿದ್ದು ನಮ್ಮೂರ ಗಾಣದ ಬೆಲ್ಲ. ಈ ಪೊಟ್ಟಣದಲ್ಲಿರುವ ಕಂದು ಬಣ್ಣದ ಪುಡಿಯನ್ನು ನಿನ್ನೆ ಹುಮನಾಬಾದಿನ ಒಂದು ಬೇಕರಿಯಿಂದ ತಂದೆ. ಅವರು ಇದಕ್ಕೆ ಖಮೀರು ಅನ್ನುತ್ತಾರೆ. ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಯೀಸ್ಟ್ ಎಂದಿದೆ. ಎರಡು ಚಮಚ ಹಾಕಿ, ಅಲ್ಲಾಡಿಸಿ, ಬಾಟಲಿಯ ಬಾಯಿಗೆ ಈ ಕೆಂಪು ಬಲೂನು ಸಿಕ್ಕಿಸುತ್ತೇನೆ. ಇದು ಇಲ್ಲೇ ಮೇಜಿನ ಮೇಲೆ ಇರಲಿ. ಮಕ್ಕಳು ಇದರ ಮೇಲೆ ಒಂದು ಕಣ್ಣಿಟ್ಟಿರಿ. ನನ್ನ ಮಾತು ಬೇಸರವಾದರೆ ಎರಡೂ ಕಣ್ಣಿಡಿ.

ಸಂಘಟಕರು ನನಗೆ ಕೊಟ್ಟಿದ್ದ ವಿಷಯ 'ಶಾಲೆಯ ನೆನಪುಗಳು'. ನಾನು 'ಯೀಸ್ಟ್ ಮತ್ತು ಮೆದುಳಿನ ರೋಗ' ಎಂದೆ. ಫೋನಿನ ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಸರ್, ಊರ ಮಂದಿ ಬಂದಿರ್ತಾರ, ತಿಳಿಯೋ ಹಂಗ ಹೇಳ್ರಿ' ಎಂದರು. ಅವರ ವಿಷಯವನ್ನು ನಾನು ಪೂರ್ತಿ ಬಿಟ್ಟಿಲ್ಲ. ನನ್ನ ಶಾಲೆಯ ನೆನಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ವಿಷಯಕ್ಕೇ ಸೇರಿದ್ದು.

ನನ್ನ ಜೊತೆ ಓದಿದವರಿಗೆ ಗಂಟೆ ಕಾಕಾ ನೆನಪಿರಲೇಬೇಕು. ಶಾಲೆಯ ಸಿಪಾಯಿ. ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡಿಗೆ ಸುತ್ತಿಗೆಯಿಂದ ಹೊಡೆದರೆ ಪಕ್ಕದ ಊರಿನ ಹೊಲದವರೆಗೆ ಕೇಳುತ್ತಿತ್ತು. ಹೆಸರು ಹೇಳುವುದಿಲ್ಲ. ಅವರ ಮನೆಯವರು ಈ ಸಭೆಯಲ್ಲಿ ಇದ್ದಾರೆ. ಅವರನ್ನು ಕೇಳಿ, ಅವರು ಹೇಳು ಎಂದ ಮೇಲೆಯೇ ಹೇಳುತ್ತಿದ್ದೇನೆ.

1988ರಲ್ಲಿ ನಾನು ಎಂಟನೆಯ ತರಗತಿಗೆ ಬಂದಾಗ ಕಾಕಾರಿಗೆ ಐವತ್ತರ ಆಸುಪಾಸು. ಬಲಗೈ ನಡುಗುತ್ತಿತ್ತು. ಸ್ಟೂಲಿನ ಮೇಲೆ ಕೂತು ಕೈಯನ್ನು ತೊಡೆಯ ಮೇಲಿಟ್ಟರೆ ಹೆಬ್ಬೆರಳೂ ತೋರುಬೆರಳೂ ಗುಳಿಗೆ ಹೊಸೆಯುವ ಹಾಗೆ ಒಂದಕ್ಕೊಂದು ಉಜ್ಜುತ್ತಿದ್ದವು. ಆದರೆ ಸುತ್ತಿಗೆ ಎತ್ತಿದರೆ ನಡುಕ ಮಾಯ. ಇದನ್ನು ಕಂಡು ನಾವು ಹುಡುಗರು ಏನು ತೀರ್ಮಾನ ಮಾಡಿದೆವು ಗೊತ್ತೇ? 'ಕಾಕಾ ನಾಟಕ ಮಾಡ್ತಾನ.' ದೊಡ್ಡವರ ತೀರ್ಮಾನ ಬೇರೆ ಇತ್ತು: 'ಸೇಂದಿ ಜಾಸ್ತಿ ಆಗ್ಯಾದ.' ಆ ಮನುಷ್ಯ ಸೇಂದಿ ಅಂಗಡಿಯ ದಾರಿಯನ್ನೂ ತುಳಿದವರಲ್ಲ.

ಬೇರೆ ಗುರುತುಗಳೂ ಇದ್ದವು. ಮಾಸ್ತರರಿಗೆ ಚಹಾ ಕಾಸುವಾಗ ಹಾಲು ಉಕ್ಕಿ ಸೀದು ವಾಸನೆ ಹತ್ತನೆಯ ತರಗತಿಯವರೆಗೆ ಬಂದರೂ ಪಕ್ಕದಲ್ಲೇ ನಿಂತ ಅವರಿಗೆ ತಿಳಿಯುತ್ತಿರಲಿಲ್ಲ. ನೋಟಿಸ್ ಬುಕ್ಕಿನಲ್ಲಿ ಅವರ ಸಹಿ ತಿಂಗಳು ತಿಂಗಳಿಗೆ ಸಣ್ಣದಾಗುತ್ತ ಇರುವೆ ಸಾಲಿನಂತಾಯಿತು. ನಡೆಯುವಾಗ ಒಂದು ಕೈ ಬೀಸುತ್ತಿರಲಿಲ್ಲ, ಹೆಜ್ಜೆ ನೆಲಕ್ಕೆ ಒರೆಸುತ್ತಿತ್ತು. ಆ ನಡಿಗೆಯನ್ನು ನಾನು ಚೆನ್ನಾಗಿ ಅಣಕಿಸುತ್ತಿದ್ದೆ. ಒಂದು ದಿನ ಗೆಳೆಯರ ಮುಂದೆ ಹಾಗೆ ನಡೆದು ತೋರಿಸುತ್ತಿದ್ದಾಗ ಎಲ್ಲರೂ ಒಮ್ಮೆಲೆ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಹಿಂದೆ ಕಾಕಾ ನಿಂತಿದ್ದಾರೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬೇಸರವಾಗಿಲ್ಲ ಎಂದುಕೊಂಡು ನಾನು ನಿರಾಳವಾದೆ.

ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ ಒಂದು ಪುಸ್ತಕದಲ್ಲಿ ಪಾರ್ಕಿನ್ಸನ್ ರೋಗದ ಲಕ್ಷಣಗಳ ಪುಟ ತೆರೆದೆ. ಸುಮ್ಮನೆ ಕೂತಾಗ ನಡುಗುವ, ಕೆಲಸಕ್ಕೆ ಎತ್ತಿದಾಗ ನಿಲ್ಲುವ ಕೈ. ವಾಸನೆ ತಿಳಿಯದಿರುವುದು. ಸಣ್ಣದಾಗುವ ಅಕ್ಷರ. ಬೀಸದ ಕೈ. ಕೊನೆಗೆ, ಮುಖದ ಸ್ನಾಯುಗಳು ಬಿಗಿದು ಒಳಗಿನ ಭಾವನೆ ಹೊರಗೆ ಕಾಣದಂತಾಗುವುದು. ಆ ಪುಟವನ್ನು ಮುಂದೆ ಓದಲು ನನಗಾಗಲಿಲ್ಲ.

ಅಷ್ಟು ಹೊತ್ತಿಗೆ ಕಾಕಾ ನಿವೃತ್ತರಾಗಿ, ಟಾನಿಕ್ಕು, ಸೂಜಿ, ತಾಯಿತ, ತೈಲ ಎಲ್ಲ ಮುಗಿದು, ಸೊಲ್ಲಾಪುರದ ಒಬ್ಬ ನರರೋಗ ತಜ್ಞರ ಹತ್ತಿರ ಹೋಗಿದ್ದರು. ಅವರು ಐದು ನಿಮಿಷದಲ್ಲಿ ರೋಗದ ಹೆಸರು ಹೇಳಿ ಗುಳಿಗೆ ಬರೆದರಂತೆ. ಒಂದೇ ವಾರದಲ್ಲಿ ಕಾಕಾ ತಾವೇ ಗುಂಡಿ ಹಾಕಿಕೊಂಡು ಅಂಗಿ ತೊಟ್ಟರು ಎಂದು ಅವರ ಮಗ ನನಗೆ ಹೇಳಿದ. ಹತ್ತು ವರ್ಷ ತಡವಾಗಿತ್ತು.

ಈ ರೋಗವನ್ನು ಮೊದಲು ವಿವರವಾಗಿ ಬರೆದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, 1817ರಲ್ಲಿ. ಅವರ ಬರಹದಲ್ಲಿರುವುದು ಆರೇ ಮಂದಿಯ ವಿವರ. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡದ್ದು ಅಷ್ಟೆ. ಬೀದಿಯಲ್ಲಿ ನಡೆದುಹೋಗುವವನನ್ನು ನೋಡಿ ಆ ಮನುಷ್ಯ ಒಂದು ರೋಗವನ್ನೇ ಕಂಡುಹಿಡಿದ. ನಾವು ಕಾಕಾರನ್ನು ದಿನಕ್ಕೆ ಎಂಟು ಸಲ ನೋಡಿದೆವು. ನಮ್ಮ ಆಯುರ್ವೇದದವರು ಬಹಳ ಹಿಂದೆಯೇ ಕಂಪವಾತ ಎಂಬ ಹೆಸರಿನಿಂದ ಇಂಥ ನಡುಕವನ್ನು ಗುರುತಿಸಿದ್ದರು ಎಂಬುದನ್ನೂ ಇಲ್ಲೇ ಹೇಳಬೇಕು.

ಮೆದುಳಿನ ನಡುಭಾಗದಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ನಮ್ಮ ಚಲನೆ ಸಲೀಸಾಗಿರಲು ಅದು ಬೇಕು. ಪಾರ್ಕಿನ್ಸನ್ ರೋಗದಲ್ಲಿ ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಲು ತೊಡಗುವ ಹೊತ್ತಿಗೆ ದೊಡ್ಡ ಪಾಲು ಹೋಗಿಯೇ ಇರುತ್ತದೆ. ಗಾಯವಾದ ಚರ್ಮ ಮತ್ತೆ ಬೆಳೆಯುವಂತೆ ಇವು ಬೆಳೆಯುವುದಿಲ್ಲ. ಸಾಯುವ ಕೋಶಗಳ ಒಳಗೆ ಒಂದು ಪ್ರೋಟೀನು ಗಂಟುಗಂಟಾಗಿ ಸೇರಿಕೊಂಡಿರುತ್ತದೆ. ಅದರ ಹೆಸರು ಆಲ್ಫಾ-ಸಿನ್ಯೂಕ್ಲಿನ್. ಹೆಸರು ಮರೆತರೂ ಚಿಂತೆಯಿಲ್ಲ, ಗಂಟು ನೆನಪಿಟ್ಟುಕೊಳ್ಳಿ.

ಪ್ರೋಟೀನು ಅಂದರೆ ಉದ್ದನೆಯ ಎಳೆ. ಕೋಶದಲ್ಲಿ ಅದು ತನ್ನದೇ ಆದ ರೀತಿಯಲ್ಲಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಶ್ಯಾವಿಗೆ ಮಾಡುವ ತಾಯಂದಿರಿಗೆ ಇದು ಬೇಗ ತಿಳಿಯುತ್ತದೆ. ಕೋಲಿನ ಮೇಲೆ ಎಳೆ ಎಳೆಯಾಗಿ ಒಣಗಿದರೆ ಶ್ಯಾವಿಗೆ. ನಡುವೆ ಮಳೆ ಹನಿ ಬಿತ್ತೋ, ಒಂದಕ್ಕೊಂದು ಅಂಟಿ ಮುದ್ದೆ. ಆ ಮುದ್ದೆಯನ್ನು ಮತ್ತೆ ಎಳೆಯಾಗಿ ಬಿಡಿಸಲಾಗದು. ಮರೆವಿನ ಆಲ್ಝೈಮರ್ ರೋಗ, ಹಂಟಿಂಗ್ಟನ್ ರೋಗ, ಸ್ಟೀಫನ್ ಹಾಕಿಂಗ್ ಅವರಿಗೆ ಬಂದಿದ್ದ ಎ.ಎಲ್.ಎಸ್. ಇವೆಲ್ಲ ಬೇರೆ ಬೇರೆ ರೋಗಗಳಾದರೂ ಎಲ್ಲದರಲ್ಲೂ ಯಾವುದೋ ಒಂದು ಪ್ರೋಟೀನು ಹೀಗೆ ಮುದ್ದೆಗಟ್ಟುತ್ತದೆ.

ಇದನ್ನು ಅಭ್ಯಾಸ ಮಾಡುವುದು ಹೇಗೆ? ಬದುಕಿರುವವರ ಮೆದುಳನ್ನು ಚೂರು ತೆಗೆದು ನೋಡಲಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಒಂದು ಮೆದುಳು ಬ್ಯಾಂಕ್ ಇದೆ. ತೀರಿಕೊಂಡವರ ಮೆದುಳನ್ನು ಮನೆಯವರು ದಾನ ಕೊಡುತ್ತಾರೆ. ಬಹಳ ದೊಡ್ಡ ಕೆಲಸ ಅದು. ಆದರೆ ಅಲ್ಲಿ ಕಾಣುವುದು ಕೊನೆಯ ಸ್ಥಿತಿ. ಬಣವೆ ಸುಟ್ಟು ಬೂದಿಯಾದ ಮೇಲೆ ಕಿಡಿ ಎಲ್ಲಿಂದ ಬಿತ್ತು ಎಂದು ಹುಡುಕಿದಂತೆ. ಗಂಟು ಕಟ್ಟಲು ಶುರುವಾಗುವ ಮೊದಲ ಗಳಿಗೆಯನ್ನು ಕಣ್ಣಾರೆ ನೋಡಬೇಕು. ಅದಕ್ಕೆ ಬದುಕಿರುವ ಕೋಶ ಬೇಕು, ಬೇಗ ಬೆಳೆಯುವಂಥದ್ದು ಬೇಕು, ಹಾಳಾದರೆ ಯಾರಿಗೂ ನೋವಾಗದಂಥದ್ದು ಬೇಕು.

ಅದು ಈ ಬಾಟಲಿಯಲ್ಲಿದೆ.

ಯೀಸ್ಟ್ ಒಂದೇ ಕೋಶದ ಜೀವಿ. ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 200 ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಸಿಹಿ ಸಿಕ್ಕರೆ ಒಂದೂವರೆ ಗಂಟೆಗೆ ಒಂದು ಎರಡಾಗುತ್ತದೆ. ಮಕ್ಕಳೇ, ಲೆಕ್ಕ ಹಾಕಿ: ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಒಂದು ಕಣ ಇದ್ದರೆ ಮರುದಿನ ಪ್ರಾರ್ಥನೆಯ ಹೊತ್ತಿಗೆ 65,536. ಈಚಲ ಮರದಿಂದ ಇಳಿಸಿದ ನೀರು ಬಿಸಿಲೇರಿದಂತೆ ಹುಳಿಯಾಗಿ ನೊರೆ ಬಂದು ಸೇಂದಿಯಾಗುವುದರಲ್ಲಿ ಇಂಥ ಯೀಸ್ಟಿನದೇ ದೊಡ್ಡ ಪಾಲು. ಪಾವ್ ಉಬ್ಬುವುದು ಇದರಿಂದ. ಕಾಕಾರ ನಡುಕಕ್ಕೆ ಊರು ಸೇಂದಿಯನ್ನು ಹೊಣೆ ಮಾಡಿತ್ತಲ್ಲ, ಅದೇ ಸೇಂದಿಯೊಳಗಿನ ಜೀವಿ ಅವರ ರೋಗವನ್ನು ಅರಿಯಲು ನೆರವಾಗುತ್ತಿದೆ. ಇದನ್ನು ಅವರಿಗೆ ಹೇಳುವ ಅವಕಾಶ ನನಗೆ ಸಿಗಲಿಲ್ಲ.

ಯೀಸ್ಟಿಗೆ ಮೆದುಳಿಲ್ಲ, ನರವಿಲ್ಲ, ಕೈಯೂ ಇಲ್ಲ. ಹಾಗಿರುವಾಗ ಅದರಿಂದ ನಮ್ಮ ಮೆದುಳಿನ ವಿಷಯ ತಿಳಿಯುವುದು ಹೇಗೆ ಎಂಬ ಪ್ರಶ್ನೆ ನಿಮಗೆ ಬಂದಿರಬೇಕು. ನನಗೂ ಬಂದಿತ್ತು. ನಮ್ಮ ಬಸವಕಲ್ಯಾಣದ ಆಟೋನಗರಕ್ಕೆ ಹೋಗಿ ನೋಡಿ. ಅಲ್ಲಿಗೆ ಹದಿನಾಲ್ಕು ಚಕ್ರದ ಲಾರಿಯೂ ಬರುತ್ತದೆ, ಸಣ್ಣ ಟೆಂಪೊ ಕೂಡ ಬರುತ್ತದೆ. ಹೊರಗಿನಿಂದ ನೋಡಿದರೆ ಹೋಲಿಕೆ ಇಲ್ಲ. ಬಾನೆಟ್ ಎತ್ತಿದರೆ ಎರಡರಲ್ಲೂ ಪಿಸ್ಟನ್, ಎರಡರಲ್ಲೂ ಕ್ಲಚ್, ಗೇರ್. ಕೆಲಸ ಕಲಿಯುವ ಹುಡುಗನಿಗೆ ಉಸ್ತಾದರು ಮೊದಲ ದಿನವೇ ದೊಡ್ಡ ಲಾರಿಯ ಎಂಜಿನ್ ಬಿಚ್ಚಲು ಕೊಡುವುದಿಲ್ಲ. ಯೀಸ್ಟ್ ನಮ್ಮ ಟೆಂಪೊ. ಬ್ಯಾಕ್ಟೀರಿಯಾಗಳಲ್ಲಿ ಇಲ್ಲದ ಕೋಶಕೇಂದ್ರ ಯೀಸ್ಟಿನಲ್ಲಿದೆ, ನಮ್ಮಲ್ಲೂ ಇದೆ. ಪ್ರೋಟೀನು ತಯಾರಿಸುವ, ಮಡಿಸುವ, ಸಾಗಿಸುವ, ಕೆಟ್ಟದ್ದನ್ನು ಗುಡಿಸಿ ಹಾಕುವ ವ್ಯವಸ್ಥೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

1996ರಲ್ಲಿ ಯೀಸ್ಟಿನ ಪೂರ್ತಿ ವಂಶವಾಹಿ ಬರಹವನ್ನು ಓದಿ ಮುಗಿಸಿದರು. ಕೋಶಕೇಂದ್ರ ಇರುವ ಜೀವಿಗಳಲ್ಲಿ ಹೀಗೆ ಪೂರ್ತಿ ಓದಿದ್ದು ಅದೇ ಮೊದಲು. ಸುಮಾರು 6,000 ವಂಶವಾಹಿಗಳು. ನಮ್ಮಲ್ಲಿ ಸುಮಾರು 20,000. 2015ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಒಂದು ವಿಚಿತ್ರ ಪರೀಕ್ಷೆ ಮಾಡಿದರು. ಯೀಸ್ಟ್ ಬದುಕಲು ಬೇಕೇಬೇಕಾದ 414 ವಂಶವಾಹಿಗಳನ್ನು ಆರಿಸಿ, ಒಂದೊಂದನ್ನೇ ತೆಗೆದು, ಆ ಜಾಗಕ್ಕೆ ಮನುಷ್ಯನ ಅದೇ ಬಗೆಯ ವಂಶವಾಹಿಯನ್ನು ಕೂರಿಸಿದರು. ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಯೀಸ್ಟ್ ಏನೂ ಆಗಿಲ್ಲವೆಂಬಂತೆ ಬೆಳೆಯಿತು. ನಮ್ಮಿಬ್ಬರ ಮೂಲ ಪೂರ್ವಜ ಬೇರೆಯಾಗಿ ನೂರು ಕೋಟಿ ವರ್ಷದ ಆಸುಪಾಸು ಆಗಿದೆ. ಅಷ್ಟಾದರೂ ಬಿಡಿಭಾಗ ಹೊಂದುತ್ತದೆ.

ಈಗ ಮುಖ್ಯವಾದ ಪ್ರಯೋಗಕ್ಕೆ ಬರುತ್ತೇನೆ. ಸೂಸನ್ ಲಿಂಡ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಗಿದ್ದ ಟಿಯಾಗೊ ಔಟೈರೊ 2003ರಲ್ಲಿ ಮನುಷ್ಯನ ಆ ಗಂಟು ಕಟ್ಟುವ ಪ್ರೋಟೀನಿನ ವಂಶವಾಹಿಯನ್ನು ಯೀಸ್ಟಿನೊಳಗೆ ಸೇರಿಸಿದರು. ಯೀಸ್ಟಿನಲ್ಲಿ ಹುಟ್ಟಾ ಅದು ಇಲ್ಲ. ಕಣ್ಣಿಗೆ ಕಾಣಲೆಂದು ಅದಕ್ಕೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಬಾಲದಂತೆ ಜೋಡಿಸಿದರು. ವಂಶವಾಹಿಯ ಒಂದು ಪ್ರತಿ ಹಾಕಿದಾಗ ಹಸಿರು ಬೆಳಕು ಕೋಶದ ಅಂಚಿನಲ್ಲಿ ತೆಳುವಾಗಿ ಬಳೆಯಂತೆ ಕಂಡಿತು, ಯೀಸ್ಟ್ ಬದುಕಿತು. ಎರಡು ಪ್ರತಿ ಹಾಕಿದಾಗ ಬಳೆ ಒಡೆದು ಒಳಗೆಲ್ಲ ಹಸಿರು ಗಂಟುಗಳಾದವು. ಯೀಸ್ಟ್ ಬೆಳೆಯುವುದನ್ನೇ ನಿಲ್ಲಿಸಿತು. ವ್ಯತ್ಯಾಸ ಬರೀ ಎರಡು ಪಟ್ಟು.

ಇದು ಯೀಸ್ಟಿನ ಆಟ, ಮನುಷ್ಯರಲ್ಲಿ ಹಾಗಿರಲಿಕ್ಕಿಲ್ಲ ಎನ್ನಬಹುದಿತ್ತು. ಆದರೆ ಅದೇ 2003ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಒಂದು ಕುಟುಂಬದ ವಿಷಯ ಪ್ರಕಟವಾಯಿತು. ಆ ಮನೆತನದಲ್ಲಿ ಪಾರ್ಕಿನ್ಸನ್ ಚಿಕ್ಕ ವಯಸ್ಸಿಗೇ ಬರುತ್ತಿತ್ತು. ರೋಗ ಬಂದವರಲ್ಲಿ ಈ ವಂಶವಾಹಿ ಕೆಟ್ಟಿರಲಿಲ್ಲ. ಇರಬೇಕಾದುದಕ್ಕಿಂತ ಹೆಚ್ಚು ಪ್ರತಿಗಳಿದ್ದವು, ಅಷ್ಟೆ. ಯೀಸ್ಟಿನಲ್ಲಿ ಕಂಡದ್ದೂ ಮನುಷ್ಯರ ಮನೆಯಲ್ಲಿ ಕಂಡದ್ದೂ ಒಂದೇ ಮಾತು ಹೇಳಿದವು: ಪ್ರಮಾಣ ಮಿತಿ ದಾಟಿದರೆ ಸಾಕು.

ಮುಂದಿನ ಪ್ರಶ್ನೆ, ಹೆಚ್ಚಾದರೆ ಕೋಶದೊಳಗೆ ಕೆಡುವುದು ಏನು? ಕೋಶದಲ್ಲಿ ತಯಾರಾದ ಪ್ರೋಟೀನುಗಳು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಸಣ್ಣ ಚೀಲಗಳಲ್ಲಿ ಸಾಗುತ್ತವೆ. ಹೈದರಾಬಾದಿನಿಂದ ಬಂದ ಲಾರಿ ಹುಮನಾಬಾದಿನಲ್ಲಿ ನಿಂತು ಸೊಲ್ಲಾಪುರದ ಕಡೆ ಸಾಗುವ ಹಾಗೆ. 2006ರಲ್ಲಿ ಲಿಂಡ್‌ಕ್ವಿಸ್ಟ್ ಅವರ ಬಳಗ ತೋರಿಸಿದ್ದು ಇದು: ಈ ಪ್ರೋಟೀನು ಹೆಚ್ಚಾದಾಗ ಮೊದಲು ಕೈಕೊಡುವ ಕೆಲಸಗಳಲ್ಲಿ ಒಂದು ಈ ಸಾಗಾಟ. ಹೆದ್ದಾರಿ ಜಾಮ್. ಚೀಲಗಳನ್ನು ದಾಟಿಸುವ ಒಂದು ಸಹಾಯಕ ಪ್ರೋಟೀನನ್ನು ಹೆಚ್ಚಿಸಿದರೆ ಯೀಸ್ಟ್ ಚೇತರಿಸಿಕೊಂಡಿತು. ಅದನ್ನೇ ನೊಣದಲ್ಲಿ, ಸಣ್ಣ ಹುಳುವಿನಲ್ಲಿ, ಇಲಿಯ ನರಕೋಶದಲ್ಲಿ ಮಾಡಿ ನೋಡಿದರು. ಡೋಪಮೈನ್ ತಯಾರಿಸುವ ಕೋಶಗಳು ಅಲ್ಲೂ ಉಳಿದವು.

ಈ ಹೆದ್ದಾರಿಯ ನಕ್ಷೆಯನ್ನು ಮೊದಲು ಬರೆದದ್ದು ರ‍್ಯಾಂಡಿ ಶೆಕ್‌ಮನ್, ಅದೂ ಯೀಸ್ಟಿನಲ್ಲೇ, 1970ರ ದಶಕದ ಕೊನೆಯಿಂದ. ಆಗ ಅವರಿಗೆ ಯಾವ ರೋಗದ ಯೋಚನೆಯೂ ಇರಲಿಲ್ಲ, ಕೋಶ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಕುತೂಹಲ. ಅದಕ್ಕೆ 2013ರಲ್ಲಿ ನೊಬೆಲ್ ಬಂತು. ಅವರ ಹೆಂಡತಿಗೇ ಪಾರ್ಕಿನ್ಸನ್ ಬಂದು, 2017ರಲ್ಲಿ ತೀರಿಕೊಂಡರು. ಈಗ ಅವರು ಪಾರ್ಕಿನ್ಸನ್ ಸಂಶೋಧನೆಯ ದೊಡ್ಡ ಯೋಜನೆಯೊಂದರ ಮುಂದಾಳು. ನೊಬೆಲ್ ಬಂದವರ ಮನೆಗೂ ಈ ರೋಗ ನಮ್ಮ ಮನೆಗೆ ಬಂದ ಹಾಗೆಯೇ ಬರುತ್ತದೆ.

ಇನ್ನೊಬ್ಬರು ಜಪಾನಿನ ಯೋಶಿನೋರಿ ಒಸುಮಿ. ನಾನು ಇಲ್ಲಿ ಎಂಟನೆಯ ತರಗತಿಗೆ ಸೇರಿದ 1988ರಲ್ಲೇ ಅವರು ಟೋಕಿಯೋದಲ್ಲಿ ಸ್ವಂತ ಪ್ರಯೋಗಾಲಯ ತೆರೆದದ್ದು. ಅವರು ಮಾಡಿದ್ದು ಯೀಸ್ಟನ್ನು ಉಪವಾಸ ಕೆಡವುವುದು. ಉಪವಾಸ ಬಿದ್ದ ಕೋಶ ತನ್ನೊಳಗಿನ ಹಳತು, ಮುರಿದದ್ದು, ಬೇಡವಾದದ್ದನ್ನು ಪೊಟ್ಟಣ ಕಟ್ಟಿ ಒಂದು ಕೋಣೆಗೆ ಸಾಗಿಸಿ ಅಲ್ಲಿ ಕರಗಿಸಿ ಮತ್ತೆ ಬಳಸಿಕೊಳ್ಳುತ್ತದೆ. ಒಸುಮಿ ಆ ಕರಗಿಸುವ ಕೆಲಸ ನಿಂತುಹೋದ ಯೀಸ್ಟನ್ನು ಆರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಆ ಕೋಣೆ ಪೊಟ್ಟಣಗಳಿಂದ ತುಂಬಿಹೋದದ್ದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡಿತು. ಆಮೇಲೆ ಯಾವ ಯಾವ ವಂಶವಾಹಿ ಕೆಟ್ಟರೆ ಈ ಕೆಲಸ ನಿಲ್ಲುತ್ತದೆ ಎಂದು ಸಾವಿರಾರು ಯೀಸ್ಟುಗಳಲ್ಲಿ ಹುಡುಕಿದರು. ಆ ವಂಶವಾಹಿಗಳ ನೆಂಟರು ನಮ್ಮಲ್ಲೂ ಇದ್ದಾರೆ. 2016ರ ನೊಬೆಲ್ ಇದಕ್ಕೆ. ಒಂದು ಮಾತು ಎಚ್ಚರಿಕೆಗೆ: ಇದನ್ನು ಹಿಡಿದುಕೊಂಡು 'ಉಪವಾಸ ಮಾಡಿದರೆ ಮೆದುಳಿನ ರೋಗ ಹೋಗುತ್ತದೆ, ನೊಬೆಲ್ ಬಂದಿದೆ' ಎಂದು ವಾಟ್ಸಾಪಿನಲ್ಲಿ ತಿರುಗುತ್ತಿದೆ. ಒಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು. ಏಕಾದಶಿಯನ್ನೋ ರೋಜಾವನ್ನೋ ನಿಮ್ಮ ಭಕ್ತಿಗೆ ಮಾಡಿ. ಔಷಧಿ ಎಂದು ಮಾಡಬೇಡಿ.

ನಮ್ಮ ಕರ್ನಾಟಕದ ಕೆಲಸ ಇಲ್ಲಿ ಸೇರುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿ ರವಿ ಮಂಜಿತ್ತಾಯ ಅವರ ಬಳಗ ಯೋಚಿಸಿದ್ದು ಹೀಗೆ: ಕೋಶಕ್ಕೆ ಗುಡಿಸುವ ವ್ಯವಸ್ಥೆ ಇದ್ದೇ ಇದೆ, ಅದನ್ನು ಚುರುಕು ಮಾಡಿದರೆ ಈ ಗಂಟುಗಳೂ ಕಸದ ಜೊತೆ ಹೋಗುವುದಿಲ್ಲವೇ? ಮನುಷ್ಯನ ಗಂಟು ಪ್ರೋಟೀನು ತುಂಬಿದ, ಬೆಳೆಯಲಾಗದೆ ಸೊರಗಿದ ಯೀಸ್ಟನ್ನು ಸಣ್ಣ ಸಣ್ಣ ಗುಳಿಗಳಲ್ಲಿ ಹಾಕಿ, ಒಂದೊಂದು ಗುಳಿಗೆ ಒಂದೊಂದು ರಾಸಾಯನಿಕ ಬೆರೆಸಿದರು. ಯಾವ ಗುಳಿಯ ಯೀಸ್ಟ್ ಮತ್ತೆ ಬೆಳೆದು ದ್ರವ ಮಬ್ಬಾಗುತ್ತದೋ ಅಲ್ಲಿನ ರಾಸಾಯನಿಕದಲ್ಲಿ ಏನೋ ಗುಣವಿದೆ. ಸೊರಗಿದ ಯೀಸ್ಟೇ ಇಲ್ಲಿ ತೀರ್ಪುಗಾರ. ಇಲಿಗಳಲ್ಲಿ ಇಂಥ ಹುಡುಕಾಟ ಮಾಡಲು ಎಷ್ಟು ವರ್ಷ, ಎಷ್ಟು ಹಣ, ಎಷ್ಟು ಜೀವ ಬೇಕಾಗುತ್ತಿತ್ತು ಯೋಚಿಸಿ.

ಹಾಗೆ ಸಿಕ್ಕವುಗಳಲ್ಲಿ ಒಂದರ ಹೆಸರು 6-ಬಯೋ. ಅದು ಇಂಡಿರುಬಿನ್ ಎಂಬ ಬಣ್ಣದ ವಸ್ತುವಿನ ಬಳಗದ್ದು, ನೀಲಿ ಬಣ್ಣದ ನೆಂಟ. ಯೀಸ್ಟಿನಲ್ಲಿ ಗಂಟು ಕರಗಿತು, ಆಮೇಲೆ ಪ್ರಾಣಿಗಳ ಕೋಶದಲ್ಲಿ ಕರಗಿತು. ಗುಡಿಸುವ ವ್ಯವಸ್ಥೆಯನ್ನು ಕೆಡಿಸಿದ ಕೋಶದಲ್ಲಿ ಹಾಕಿದರೆ ಕರಗಲಿಲ್ಲ. ಅಂದರೆ ಕೆಲಸ ಆಗುತ್ತಿರುವುದು ಆ ದಾರಿಯಿಂದಲೇ. ಕೊನೆಗೆ ನಿಮ್ಹಾನ್ಸಿನ ವಿಜ್ಞಾನಿಗಳ ಜೊತೆ ಸೇರಿ ಪಾರ್ಕಿನ್ಸನ್ ಲಕ್ಷಣ ಬರಿಸಿದ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ಚಲನೆ ಸುಧಾರಿಸಿತು, ಡೋಪಮೈನ್ ಕೋಶಗಳು ಹೆಚ್ಚು ಉಳಿದವು. ಇದು 2017ರಲ್ಲಿ ಪ್ರಕಟವಾಯಿತು.

ಇದು ಔಷಧಿಯಾಗಿ ಅಂಗಡಿಗೆ ಬಂದಿಲ್ಲ. ದಯವಿಟ್ಟು ಯಾರೂ ನನ್ನನ್ನು ಸಭೆಯ ನಂತರ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಬಹಳ ಉದ್ದ, ಮತ್ತು ನಡುವೆ ಬಿದ್ದುಹೋಗುವವೇ ಜಾಸ್ತಿ. ಒಂದು ಸೋಲಿನ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಗೆದ್ದದ್ದನ್ನು ಮಾತ್ರ ಹೇಳಿದರೆ ನಿಮಗೆ ಮೋಸ ಮಾಡಿದಂತೆ. 2010ರಲ್ಲಿ ಎ.ಎಲ್.ಎಸ್. ರೋಗದ ಪ್ರೋಟೀನನ್ನು ಯೀಸ್ಟಿಗೆ ಹಾಕಿ ಹುಡುಕುತ್ತಿದ್ದವರಿಗೆ ಅಟಾಕ್ಸಿನ್-2 ಎಂಬ ಇನ್ನೊಂದು ಪ್ರೋಟೀನಿನ ಸುಳಿವು ಸಿಕ್ಕಿತು. ರೋಗಿಗಳಲ್ಲಿ ಹುಡುಕಿದರೆ ಅಲ್ಲೂ ಆ ವಂಶವಾಹಿಯ ಒಂದು ರೂಪ ರೋಗದ ಅಪಾಯವನ್ನು ಹೆಚ್ಚಿಸುವುದು ಕಂಡಿತು. ಯೀಸ್ಟಿನಿಂದ ನೇರವಾಗಿ ಮನುಷ್ಯನಿಗೆ! ಎಲ್ಲರೂ ಸಂತೋಷಪಟ್ಟರು. ಅದನ್ನು ತಗ್ಗಿಸುವ ಔಷಧಿ ತಯಾರಾಗಿ ರೋಗಿಗಳ ಮೇಲೆ ಪರೀಕ್ಷೆಯೂ ನಡೆಯಿತು. 2024ರಲ್ಲಿ ಅದನ್ನು ನಿಲ್ಲಿಸಿದರು. ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ. ಸುಳಿವು ಸುಳ್ಳಾಗಲಿಲ್ಲ, ಔಷಧಿ ಸೋತಿತು.

ಯೀಸ್ಟಿನ ಮಿತಿ ನನ್ನಂಥವರು ಮರೆಯಬಾರದು. ನರಕೋಶಗಳು ಒಂದರೊಡನೊಂದು ಮಾತಾಡುತ್ತವೆ, ಯೀಸ್ಟ್ ಮಾತಾಡುವುದಿಲ್ಲ. ನರಕೋಶ ಎಪ್ಪತ್ತು ವರ್ಷ ಬದುಕಬೇಕು, ಯೀಸ್ಟಿನ ಬದುಕು ಕೆಲವು ದಿನ. ಮರೆವು, ದುಃಖ, ನಿದ್ರೆಗೆಡುವುದು ಇವು ಯಾವುವೂ ಅದಕ್ಕಿಲ್ಲ. ಟೆಂಪೊ ನೋಡಿ ಎಂಜಿನ್ ಕಲಿಯಬಹುದು, ಘಾಟಿಯಲ್ಲಿ ಲಾರಿ ಹೊಡೆಯುವುದನ್ನು ಕಲಿಯಲಾಗದು.

ಊರಿನ ಹಿರಿಯರಿಗೆ ಎರಡು ಮಾತು. ಇಲಿಗಳಿಗೆ ಪಾರ್ಕಿನ್ಸನ್ ಲಕ್ಷಣ ಬರಿಸುತ್ತಾರೆ ಎಂದೆನಲ್ಲ, ಅದಕ್ಕೆ ಬಳಸುವ ವಿಷ ದೇಹದೊಳಗೆ ಹೋಗಿ ಪಡೆಯುವ ರೂಪ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬಹಳ ಹೋಲುತ್ತದೆ. ಪ್ಯಾರಾಕ್ವಾಟ್ ಬಳಸುವವರಲ್ಲಿ ಈ ರೋಗ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಐರೋಪ್ಯ ಒಕ್ಕೂಟದ ದೇಶಗಳೂ ಸೇರಿ ಹಲವರು ಅದನ್ನು ನಿಷೇಧಿಸಿದ್ದಾರೆ. ಕಬ್ಬಿಗೋ ತೊಗರಿಗೋ ಔಷಧ ಹೊಡೆಯುವಾಗ ಡಬ್ಬಿಯ ಮೇಲಿನ ಹೆಸರನ್ನು ನಿಮ್ಮ ಮಕ್ಕಳಿಂದ ಓದಿಸಿ. ಬರಿಗೈಯಲ್ಲಿ ಕಲಸಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ.

ಎರಡನೆಯದು ಗುಳಿಗೆಯ ವಿಷಯ. ಕಾಕಾರಿಗೆ ಕೊಟ್ಟಿದ್ದ ಗುಳಿಗೆಯಲ್ಲಿದ್ದದ್ದು ಲೆವೊಡೋಪಾ. ಮೆದುಳಿಗೆ ಹೋಗಿ ಅದು ಡೋಪಮೈನ್ ಆಗುತ್ತದೆ. ನಸುಗುನ್ನಿ ಬಳ್ಳಿ ನಿಮಗೆಲ್ಲ ಗೊತ್ತು, ಕಾಯಿ ಮುಟ್ಟಿದರೆ ಮೈಯೆಲ್ಲ ತುರಿಕೆ. ಅದರ ಬೀಜದಲ್ಲಿ ಇದೇ ವಸ್ತು ಇರುವುದನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದರು. ಹಾಗೆಂದು ಬೀಜ ಪುಡಿ ಮಾಡಿ ತಿನ್ನಲು ಹೋಗಬೇಡಿ. ಒಂದು ಬೀಜದಲ್ಲಿ ಎಷ್ಟಿದೆ ಎಂಬ ಲೆಕ್ಕ ನಿಮಗೂ ಸಿಗದು, ಡಾಕ್ಟರಿಗೂ ಸಿಗದು. ಗುಳಿಗೆಯನ್ನು ಬೇಳೆಕಾಳಿನ ಊಟದ ಜೊತೆಗೆ ನುಂಗಿದರೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಅರ್ಧ ತಾಸು ಮೊದಲು ತೆಗೆದುಕೊಳ್ಳುವುದು ಒಳ್ಳೆಯದು, ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಗುಣವಾಯಿತೆಂದು ಒಮ್ಮೆಲೆ ಬಿಡಬೇಡಿ, ಅದು ಅಪಾಯ. ಈ ಗುಳಿಗೆ ನಡುಕವನ್ನು, ಬಿಗಿತವನ್ನು ತಗ್ಗಿಸುತ್ತದೆ. ಕೋಶ ಸಾಯುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಔಷಧಿ ಇಂದಿಗೂ ಜಗತ್ತಿನಲ್ಲಿ ಇಲ್ಲ. ಇದೆ ಎಂದು ಹೇಳಿ ಹಣ ಕೇಳುವವರನ್ನು ಅಂಗಳದಿಂದಲೇ ಕಳಿಸಿ. ಅಂಥದ್ದನ್ನು ಹುಡುಕಲೆಂದೇ ಯೀಸ್ಟ್ ಬೆಳೆಸುತ್ತಿರುವುದು.

ನಿಮ್ಮ ಮನೆಯ ಮುತ್ಯಾನ ಒಂದು ಕೈ ನಡೆಯುವಾಗ ಬೀಸುತ್ತಿಲ್ಲವೇ, ಅಕ್ಷರ ಸಣ್ಣದಾಗಿದೆಯೇ, ಮುಖ ಸಿಟ್ಟಾದಂತೆ ಕಾಣುತ್ತಿದೆಯೇ? ಕಾಣುವುದಕ್ಕೆ ಡಿಗ್ರಿ ಬೇಡ. ಎಂಟನೆಯ ತರಗತಿಯ ಹುಡುಗ ಸಾಕು. ನಾನು ಎಲ್ಲವನ್ನೂ ಸರಿಯಾಗಿಯೇ ನೋಡಿದ್ದೆ, ನೋಡಿ ಅಣಕಿಸಿದ್ದೆ ಅಷ್ಟೆ. ಕಾಕಾ 2004ರಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ಅವರ ಮನೆಗೆ ಹೋಗಿ ಆ ದಿನದ ಮಾತು ಎತ್ತಿದೆ. ಮುಖ ಹಾಗೆಯೇ ಇತ್ತು. ಬಹಳ ಹೊತ್ತಿನ ಮೇಲೆ ಮೆಲ್ಲಗೆ, 'ನೀ ಛಲೋ ನಡೀತಿದ್ದಿ ಬಿಡು, ನನಗಿಂತ ಛಲೋ' ಎಂದರು. ನಗೆಯಾಡಿದರೋ ಏನೋ, ಆ ಮುಖದಲ್ಲಿ ತಿಳಿಯುವಂತಿರಲಿಲ್ಲ. ಅವರ ಹೆಂಡತಿ ಒಳಗಿನಿಂದ ನಕ್ಕರು, ಹಾಗಾಗಿ ನಗೆಯೇ ಇರಬೇಕು.

ಮಕ್ಕಳು ಆಗಲೇ ಕೈ ತೋರಿಸುತ್ತಿದ್ದಾರೆ. ಹೌದು, ಬಲೂನು ಎದ್ದು ನಿಂತಿದೆ. ಒಳಗಿರುವುದು ಯೀಸ್ಟ್ ಬಿಟ್ಟ ಗಾಳಿ, ಇಂಗಾಲದ ಡೈಆಕ್ಸೈಡ್. ವಿಜ್ಞಾನದ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟಿದ್ದೇವೆ, ಈ ಬಾಟಲಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ತೋರಿಸುತ್ತಾರೆ. ಗುಂಡಗಿನ ಕಣದ ಪಕ್ಕದಲ್ಲಿ ಸಣ್ಣ ಮೊಗ್ಗು ಅಂಟಿಕೊಂಡದ್ದು ಕಂಡರೆ ಅದು ಮರಿ. ಕಾಣದಿದ್ದರೆ ಗುಂಡಿಯನ್ನು ನಿಧಾನ ತಿರುಗಿಸಿ, ಜೋರು ತಿರುಗಿಸಿದರೆ ಗಾಜು ಒಡೆಯುತ್ತದೆ. ನಮ್ಮ ಕಾಲದಲ್ಲಿ ಒಡೆದಿದ್ದೇವೆ. ಹತ್ತು ಹತ್ತು ಮಂದಿಯಾಗಿ ಹೋಗಿ, ನೂಕಬೇಡಿ. ಹಿರಿಯರಿಗೆ ಮೊದಲು ದಾರಿ ಬಿಡಿ.